ನಾನೇ ಕುಂಕುಮವಿಟ್ಟ ಹೊಸ ಲೇತ್ ಯಂತ್ರಕ್ಕೆ

ವಿಜಯಪುರ,
ವ್ಯಯ ಸಂವತ್ಸರದ ವೈಶಾಖ ಮಾಸ

ಮಾನ್ಯರೇ,

ಸಮುದ್ರ ದಾಟಿ, ರೈಲು ಹತ್ತಿ, ಎತ್ತಿನ ಗಾಡಿಯಲ್ಲಿ ನಮ್ಮೂರ ರೇಷ್ಮೆ ಯಂತ್ರ ತಯಾರಿಸುವ ಕಾರ್ಖಾನೆಗೆ ದಯಮಾಡಿಸಿದ ತಮಗೆ ಮುನೇಶ್ವರನ ಕೃಪೆಯಿಂದ ಹೊತ್ತುಹೊತ್ತಿಗೆ ಎಣ್ಣೆ ಸಿಗುತ್ತಿದೆಯೆಂದು ನಂಬಿ, ಕಬ್ಬಿಣ ಕಡೆಯುವ ತಮ್ಮ ಕೈಗಳಿಗೆ ನಮಸ್ಕರಿಸುತ್ತೇನೆ.

ನನ್ನ ಗುರುತು ಸಿಕ್ಕೀತು. ಕಳೆದ ಆಯುಧಪೂಜೆಯಂದು, ಹೊಸಬರೆಂದು ತಮಗೆ ಎಲ್ಲರಿಗಿಂತ ದಪ್ಪನೆಯ ಚೆಂಡುಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಪಾದದ ಬಳಿ ನಿಂಬೆಹಣ್ಣು ಇಟ್ಟವಳು ನಾನೇ. "ಸ್ವಾಮಿ, ಈ ಯಂತ್ರ ನಿಲ್ಲದೆ ತಿರುಗಲಿ, ನಮ್ಮ ಯಜಮಾನರ ಕೈಗೆ ಒಂದಿಷ್ಟು ಬಿಡುವು ಸಿಗಲಿ" ಎಂದು ಬೇಡಿಕೊಂಡವಳೂ ನಾನೇ. ದೇವರು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆಂದು ಗೊತ್ತಿದ್ದರೆ ಇನ್ನೂ ಕೊಂಚ ಯೋಚಿಸಿ ಬೇಡುತ್ತಿದ್ದೆ.

ಯುದ್ಧ ಮುಗಿಯಿತು, ಪ್ಯಾರಾಚೂಟಿನ ರೇಷ್ಮೆ ಕೇಳುವವರಿಲ್ಲ, ಯಂತ್ರಗಳಿಗೂ ಬೇಡಿಕೆಯಿಲ್ಲ. ಮ್ಯಾನೇಜರವರು ಬೈರಣ್ಣ, ದೊಡ್ಡಬೀರಪ್ಪ ಮತ್ತು ನಮ್ಮ ಯಜಮಾನರನ್ನು ಕರೆದು, "ನಿಮ್ಮ ಮೂರು ಜನದ ಕೆಲಸಾನ ಇದೊಂದೇ ಮಾಡ್ತದೆ ಕಣ್ರಪ್ಪಾ, ನಾಳೆಯಿಂದ ಮನೇಲಿ ಆರಾಮಾಗಿರಿ" ಎಂದರಂತೆ.

ಆ ಆರಾಮವನ್ನು ತಾವೊಮ್ಮೆ ಬಂದು ನೋಡಬೇಕು. ಬೆಳಿಗ್ಗೆ ಕಾರ್ಖಾನೆಯ ಕೂಗು ಕೇಳಿದೊಡನೆ ಯಜಮಾನರು ಪೇಟ ಸುತ್ತಿಕೊಂಡು ಹೊಸ್ತಿಲವರೆಗೆ ಹೋಗಿ, ನೆನಪಾಗಿ ಹಿಂದಿರುಗುತ್ತಾರೆ. ಬಾವಿಯ ರಾಟೆಗೆ, ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟಾಯಿತು. ನಿನ್ನೆ ನನ್ನ ದೇವರಗೂಡಿನ ಗಂಟೆ ಬಿಚ್ಚಿ, "ಇದರ ನಾಲಿಗೆ ಒಂದು ನೂಲು ಓರೆ ಐತೆ ಕಣೇ" ಎಂದು ಅರದಿಂದ ಉಜ್ಜಿ ಸರಿಮಾಡಿದರು. ಈಗ ಅದು ಎಷ್ಟು ನೆಟ್ಟಗಿದೆಯೆಂದರೆ, ಬಾರಿಸಿದರೂ ಎಲ್ಲಿಗೂ ತಾಗುವುದಿಲ್ಲ.

ಮೂವರ ಕೆಲಸ ವಹಿಸಿಕೊಂಡ ತಾವು ಅವರ ಉಳಿದ ಕೆಲಸಗಳನ್ನೂ ವಹಿಸಿಕೊಳ್ಳುವುದು ಧರ್ಮ. ಬೈರಣ್ಣ ಕೆಲಸ ಹುಡುಕಿಕೊಂಡು ಕೋಲಾರದ ಗಣಿಗೆ ಹೋದ. ಶನಿವಾರದ ಭಜನೆಗೆ ತಾಳ ಹಾಕಲು ತಾವೇ ಬರಬೇಕು. ದೊಡ್ಡಬೀರಪ್ಪನೂ ಅವನ ಹಿಂದೆಯೇ ಹೋದ. ಕಣ್ಣು ಮಂಜಾದ ಅವನ ತಾಯಿಯನ್ನು ಸೋಮವಾರ ಕೈಹಿಡಿದು ಗುಡಿಗೆ ಕರೆದೊಯ್ಯಿರಿ. ಅಮಾವಾಸ್ಯೆ ಕಳೆದರೆ ಐವತ್ತೆಂಟರ ನಮ್ಮ ಯಜಮಾನರೂ ಗಂಟು ಕಟ್ಟಿ ಗಣಿಗೆ ಹೊರಡುವವರು. ಆಮೇಲೆ ನಾನು ಬಡಿಸಿದ ಮುದ್ದೆಗೆ "ಉಪ್ಪು ಕಡಿಮೆ" ಎನ್ನಲಿಕ್ಕೂ ತಾವೇ ದಯಮಾಡಿಸಬೇಕಾಗುತ್ತದೆ.

ಈಗಲೂ ತಮ್ಮ ಏಳಿಗೆಯನ್ನೇ ಬೇಡುವ, ಆದರೆ ಎಚ್ಚರದಿಂದ ಬೇಡುವ,

ತಮ್ಮ ವಿಶ್ವಾಸಿ,
ಗಂಗಲಕ್ಷ್ಮಮ್ಮ

ಮರೆತಿದ್ದೆ: ಸೋಮವಾರದಿಂದ ತಾವು ಕಿರುಗುಟ್ಟಿ ನಿಂತೇಹೋಗಿದ್ದೀರೆಂದೂ, ಕಾಯಿಲೆ ಯಾರಿಗೂ ತಿಳಿಯದೆಂದೂ, "ಒಂದು ದಿನದ ಮಟ್ಟಿಗೆ ಬಂದು ನೋಡಪ್ಪಾ" ಎಂದೂ ಮ್ಯಾನೇಜರವರು ಯಜಮಾನರಿಗೆ ಹೇಳಿಕಳಿಸಿದ್ದಾರೆ. ಸದ್ದು ಕೇಳಿಯೇ ಕಾಯಿಲೆ ಹೇಳುವ ಪುಣ್ಯಾತ್ಮ ಆಗಲೇ ಹೊರಟು ನಿಂತಿದ್ದರು. ಪೇಟವಿಲ್ಲದೆ ಅವರು ಹೊಸ್ತಿಲು ದಾಟುವವರಲ್ಲ; ಅದನ್ನು ನಾನು ರಾಗಿ ಮಡಕೆಯಲ್ಲಿ ಬಚ್ಚಿಟ್ಟಿದ್ದೇನೆ. ಹಾಜರಿ ಪುಸ್ತಕದಲ್ಲಿ ಮೂವರ ಹೆಸರೂ ಮತ್ತೆ ಏರಿದ ದಿನ ಅದು ಹೊರಗೆ ಬರುತ್ತದೆ. ಅಲ್ಲಿಯವರೆಗೆ ತಾವು ಆರಾಮಾಗಿರಿ.