ರುದ್ರಕೇತನ ನೂರೊಂದು ಡಬ್ಬಿಗಳು

"ನನ್ನ ಮಗನ ಹೆಸರು ಇಡೀ ಯಾದಗಿರಿ ಜಿಲ್ಲಾದಾಗ ಇನ್ನೊಬ್ಬಗ ಇರಬಾರದು!"

ಶಹಾಪುರದ ಸ್ಟೀಲ್ ಪಾತ್ರೆ ಅಂಗಡಿಯ ಬಸವಲಿಂಗ ಹೀಗೆ ಗುಡುಗಿದಾಗ ಮಗ ಹುಟ್ಟಿ ಮೂರೇ ದಿನವಾಗಿತ್ತು. ಪಾಪ, ಅವನ ಸಂಕಟವೂ ಸುಳ್ಳಲ್ಲ. ಅವನ ಗಲ್ಲಿಯಲ್ಲಿ ನಿಂತು "ಬಸವಲಿಂಗಣ್ಣಾ" ಎಂದು ಕೂಗಿದರೆ ಐದು ಬಾಗಿಲು ತೆರೆಯುತ್ತಿದ್ದವು. ಒಬ್ಬನಿಗೆ ಬಂದ ಮದುವೆಯ ಕರೆಗೆ ಇನ್ನೊಬ್ಬ ಹೋಗಿ ಉಂಡು ಬರುತ್ತಿದ್ದ. ಅವನದೇ ಲಗ್ನದಲ್ಲಿ ಅಯ್ಯನವರು ಮದುಮಗನ ಹೆಸರು ಕರೆದಾಗ ಮೂವರು ಎದ್ದು ನಿಂತಿದ್ದರು!

ಮಗನ ಹೆಸರನ್ನು ಅವನು ಎಂದೋ ಆರಿಸಿಟ್ಟಿದ್ದ: ರುದ್ರಕೇತ. ‘ನೂರು ಬುರುಜು’ ಎಂಬ ಮೊಬೈಲ್ ಆಟದ ಮಹಾಸೇನಾಪತಿ! ಹಾರುವ ಆನೆಗಳು, ಬೆಂಕಿ ಉಗುಳುವ ಮೊಸಳೆಗಳು, ಮಂತ್ರವಾದಿಗಳ ದಂಡು, ಇವನ್ನೆಲ್ಲ ಲೆಕ್ಕಾಚಾರದಿಂದ ನಡೆಸಿ ಕೋಟೆ ಉಳಿಸಿಕೊಳ್ಳುವ ಆಟ. ಅದರ ಮೂರೂ ಭಾಗಗಳನ್ನು ಬಸವಲಿಂಗ ಗಿರಾಕಿಗಳ ನಡುವೆಯೇ ಗೆದ್ದಿದ್ದ. ಈಗ ಅದೇ ಆಟ ಕಾರ್ಟೂನ್ ಧಾರಾವಾಹಿಯಾಗಿ, ಕನ್ನಡದ ಮಾತಿನ ಸಮೇತ, ಹೆಸರಿಡುವ ತೊಟ್ಟಿಲ ಕಾರ್ಯದ ಹಿಂದಿನ ದಿನವೇ ಬಿಡುಗಡೆಯಾಗಬೇಕೆ! ಇದು ದೈವಸಂಕಲ್ಪವಲ್ಲದೆ ಮತ್ತೇನು?

ಸುರಪುರದ ತವರಿನಿಂದ ಹೆಂಡತಿ ಸೌಭಾಗ್ಯ ಫೋನಿನಲ್ಲಿ ಎಚ್ಚರಿಸಿದಳು. "ಕೂಸಿನ ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ. ನಿಮ್ಮ ಅಕ್ಕ ಒಪ್ಪಬೇಕಲ್ರಿ?"

"ಕಾರ್ಯಕ್ಕ ಮದಲ ಎಲ್ಲಾರಿಗೂ ಟಿವಿಯಾಗ ರುದ್ರಕೇತನ್ನ ತೋರಸ್ತೀನಿ. ನೋಡಿದ ಮ್ಯಾಲ ಅಕ್ಕನೇ ‘ಇದೇ ಹೆಸರು ಇಡೂಣು’ ಅಂತಾಳ!"

"ಮದಲ ನೀವರ ನೋಡ್ರಿ."

"ಹತ್ತು ವರ್ಷ ಅವನ ಜೋಡಿ ದಂಡು ನಡಸೀನಿ. ನಾ ನೋಡೂದೇನದ ಅದರಾಗ!"

ಅದೇ ಭರವಸೆಯಲ್ಲಿ ಪಾತ್ರೆಗೆ ಹೆಸರು ಕೊರೆಯುವ ಅಂಗಡಿಯ ಮಷೀನ್ ಹಿಡಿದು, ಬಂದವರಿಗೆ ಹಂಚುವ ನೂರೊಂದು ಡಬ್ಬಿಗಳ ಮೇಲೆ ತಾನೇ ಕೊರೆದ: ‘ಚಿ. ರುದ್ರಕೇತನ ತೊಟ್ಟಿಲ ಕಾರ್ಯದ ನೆನಪಿಗೆ.’ ಒಮ್ಮೆ ಕೊರೆದ ಮೇಲೆ ಅಳಿಸುವ ಮಾತೇ ಇಲ್ಲ. ಅಸಲಿ ಸ್ಟೀಲು!

ಮುಹೂರ್ತ ಇದ್ದದ್ದು ಹನ್ನೆರಡಕ್ಕೆ. ಬಸವಲಿಂಗ ಹತ್ತಕ್ಕೇ ಅತ್ತೆಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿ ಟಿವಿ ಹಚ್ಚಿದ. ಹಾರುವ ಆನೆಯ ಮೇಲೆ ರುದ್ರಕೇತ ಬಂದ. ಅತ್ತೆ ಅಮೃತಮ್ಮ "ಎಷ್ಟು ಚಂದ ಅದಾನವ್ವಾ!" ಎಂದು ನೆಟಿಗೆ ಮುರಿದಳು. ಬಸವಲಿಂಗ ತಾನೇ ಆನೆ ಏರಿದವನಂತೆ ಎದೆಯುಬ್ಬಿಸಿದ. ಕಂತಿನ ಕೊನೆಗೆ ರುದ್ರಕೇತ ಸೊಂಟದಿಂದ ಕೀಲಿಕೈ ತೆಗೆದ. ಅತ್ತಿತ್ತ ನೋಡಿದ. ಕೋಟೆಯ ಮಹಾದ್ವಾರವನ್ನು ಹೊರಗಿನವರಿಗೆ ತೆರೆದುಬಿಟ್ಟ! ಕಂತು ಮುಗಿಯಿತು.

ಅಕ್ಕ ದೇವಕ್ಕ ನಿಧಾನವಾಗಿ ತಮ್ಮನ ಕಡೆ ತಿರುಗಿದಳು.

"ಬಸ್ಯಾ, ಅಂವ ಏನ ಮಾಡಿದ?"

"ಬಾಗಿಲ... ತೆಗದ."

"ಒಳಗಿಂದ?"

"ಒಳಗಿಂದನ ಅಕ್ಕಾ. ಆದ್ರ ಆಟದಾಗ ಹಿಂಗಿಲ್ಲ! ಈ ಕಾರ್ಟೂನ್ ಮಾಡಾವ್ರು ಬದಲಿ ಮಾಡ್ಯಾರ!"

"ನಾ ವನದುರ್ಗದಾಗ ಕೋಟಿ ಬಾಜೂಕ ಇಪ್ಪತ್ತು ವರ್ಷ ಬಾಳ್ವಿ ಮಾಡೀನಿ. ಒಳಗಿದ್ದು ಬಾಗಿಲ ತೆಗದಾವಗ ಏನಂತಾರ, ನನಗ ಗೊತ್ತದ. ಅವನ ಹೆಸರು ಕೂಸಿನ ಕಿವ್ಯಾಗ ಹೇಳಂಗಿಲ್ಲ. ಖಲ್ಲಾಸ್!"

ಅಷ್ಟರಲ್ಲಿ ಸಕ್ಕರೆ ತುಂಬಲೆಂದು ಡಬ್ಬಿಗಳ ಚೀಲ ಬಿಚ್ಚಿದ ಅಮೃತಮ್ಮ ಒಂದು ಡಬ್ಬಿ ಹಿಡಿದು ಬಂದಳು. "ಅಳೇರ, ಇದರ ಮ್ಯಾಲ ಏನೋ ಬರದದಲ್ರಿ?"

ದೇವಕ್ಕ ಅದನ್ನು ಓದಿದಳು, ಅದೂ ಇಡೀ ಓಣಿಗೆ ಕೇಳುವಂತೆ! "ನಾ ಹೇಳೂಕಿಂತ ಮದಲ ಕೊರದಿಟ್ಟೀಯಾ? ನಾ ಬಂದಿದ್ದರ ಯಾಕ ಮತ್ತ?"

ಬಸವಲಿಂಗ ರಿಮೋಟ್ ಕೈಗೆತ್ತಿಕೊಂಡ. "ಇನ್ನೊಂದು ಕಂತು ನೋಡು ಅಕ್ಕಾ! ಅಂವ ಸುಮ್ಮ ಸುಮ್ಮನ ತೆಗಿಯಾಂವ ಅಲ್ಲ!"

ಇನ್ನೊಂದು ನೋಡಿದರು. ಅದರ ಮೇಲೆ ಮತ್ತೊಂದು. ಪಡಸಾಲೆ ಎರಡು ಪಕ್ಷವಾಯಿತು. ನೆರೆಮನೆಯ ಅಜ್ಜಿ ಮಲ್ಲಾಬಾಯಿ "ಆ ಗಡ್ಡದ ಮಂತ್ರವಾದಿ ಮ್ಯಾಲ ನನಗ ಸಂಶೇ ಅದ" ಎಂದು ತೀರ್ಪು ಕೊಟ್ಟಳು. ಅಡುಗೆಮನೆಯಲ್ಲಿ ಹೋಳಿಗೆ ಹಂಚಿನ ಮೇಲೆ ಕರಿ ಹಪ್ಪಳವಾಯಿತು, ಸಾರು ಸೀದಿತು, ಯಾರೂ ಏಳಲಿಲ್ಲ. ಸೌಭಾಗ್ಯ ಮಾತ್ರ ಕೂಸನ್ನು ತಟ್ಟುತ್ತ ಗಂಡನನ್ನೇ ನೋಡುತ್ತಿದ್ದಳು. ಆ ನೋಟಕ್ಕಿಂತ ಬೆಂಕಿ ಉಗುಳುವ ಮೊಸಳೆಯೇ ವಾಸಿ ಅನ್ನಿಸಿತು ಅವನಿಗೆ.

ಹನ್ನೆರಡಕ್ಕೆ ಐದು ನಿಮಿಷ. ಸರಪಳಿಯಲ್ಲಿ ಬಂಧಿಯಾದ ರುದ್ರಕೇತ ರಾಜನ ಮುಂದೆ ತಲೆಯೆತ್ತಿ ನಿಂತ. "ಪ್ರಭು, ನಾನೇಕೆ ಬಾಗಿಲು ತೆರೆದೆನೆಂದರೆ..."

ಕರೆಂಟ್ ಹೋಯಿತು!

"ಕರೆಂಟ್ ಬರೂತನಾ ತಡೀರಿ!" ಬಸವಲಿಂಗ ಕೈಮುಗಿದ.

"ನಾ ತಡೀತೀನಿ. ಮುಹೂರ್ತ ತಡೀತದೇನು?" ದೇವಕ್ಕ ತೊಟ್ಟಿಲಿಗೆ ಬಾಗಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದತೊಡಗಿದರು. ಅವಳು ಕೂಸಿನ ಕಿವಿಯಲ್ಲಿ "ಕುರ್ರ್" ಎಂದು, ಆಮೇಲೆ ಗಟ್ಟಿಯಾಗಿ ಹೇಳಿದಳು: "ಅಮರಪ್ಪ!"

ತೀರಿಹೋದ ಅಪ್ಪನ ಹೆಸರು. ಬೇಡವೆನ್ನಲು ಹೊರಟ ಬಸವಲಿಂಗ ತೊಟ್ಟಿಲ ಹಗ್ಗ ಹಿಡಿದುಕೊಂಡ. ಪಾತ್ರೆಯ ಮೇಲೆ ಹೆಸರು ಕೊರೆಯುವುದನ್ನು ಅವನಿಗೆ ಕೈ ಹಿಡಿದು ಕಲಿಸಿದ್ದೇ ಅಪ್ಪ. ಗಲ್ಲಿಯಲ್ಲಿ ಆಗಲೇ ಮೂವರು ಅಮರಪ್ಪಂದಿರಿದ್ದರು. ಇರಲಿ, ಇನ್ನೊಬ್ಬ ಇರಲಿ! ಕಣ್ಣು ಒರೆಸಿಕೊಂಡು "ಛಲೋ ಮಾಡ್ದಿ ಅಕ್ಕಾ" ಎಂದ. ಮನಸಾರೆ ಎಂದ.

ಆಗ ಕರೆಂಟ್ ಬಂತು. ಟಿವಿ ನಿಂತಲ್ಲಿಂದಲೇ ಮುಂದುವರಿಯಿತು.

"...ಹೊರಗೆ ನಿಂತವರು ಶತ್ರುಗಳಲ್ಲ ಪ್ರಭು, ಹಸಿದ ನಮ್ಮ ರೈತರು!"

ಪಡಸಾಲೆ ಚಪ್ಪಾಳೆ ತಟ್ಟಿತು. ದೇವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಯ್ಯ, ಬಂಗಾರದಂಥಾ ಮನಷ್ಯಾ! ಮದಲ ಹೇಳಬಾರದೇನೋ ಬಸ್ಯಾ?"

"ನನಗರ ಎಲ್ಲಿ ಗೊತ್ತಿತ್ತಕ್ಕಾ!"

"ಹಂಗಾರ ಈ ನೂರೊಂದು ಡಬ್ಬಿ?" ಎಂದು ಅಮೃತಮ್ಮ ಗಲ್ಲಕ್ಕೆ ಕೈಯಿಟ್ಟಳು.

"ಡಬ್ಬಿ ಆಮ್ಯಾಲ" ಎಂದಳು ಮಲ್ಲಾಬಾಯಿ. "ಸೌಭಾಗ್ಯಾ, ಒಡಪಿನಾಗ ಗಂಡನ ಹೆಸರು ಹೇಳಿ ಕೂಸಿನ್ನ ಎತ್ಕೊ."

ಸೌಭಾಗ್ಯ ಸೆರಗು ಸರಿಪಡಿಸಿಕೊಂಡಳು. ಗಂಡನನ್ನೊಮ್ಮೆ, ಡಬ್ಬಿಗಳನ್ನೊಮ್ಮೆ ನೋಡಿ ಪ್ರಾಸ ಕಟ್ಟಿ ಒಡಪು ಹೇಳಿದಳು:

"ತೊಟ್ಟಿಲದಾಗ ಅಮರಪ್ಪ ಮಲಗ್ಯಾನ ನಕ್ಕೋತ,
ನೂರೊಂದು ಡಬ್ಬಿ ಕುಂತಾವ ಹೊಳಕೋತ,
ಇಂದಿನಿಂದ ನಮ್ಮ ಮನಿಯವ್ರ ಹೆಸರು ರುದ್ರಕೇತ!"

ಪಡಸಾಲೆಯಲ್ಲಿ ನಗೆ ತಡೆಯುವವರೇ ಇಲ್ಲ! ದೇವಕ್ಕ ಗೋಡೆ ಹಿಡಿದು ನಕ್ಕಳು. "ಹಂಚ್ರಿ ಈಗ ನಿಮ್ಮ ತೊಟ್ಟಿಲ ಕಾರ್ಯದ ಡಬ್ಬಿ" ಎಂದಳು ಸೌಭಾಗ್ಯ. "ಈ ಮನ್ಯಾಗ ಸಣ್ಣ ಕೂಸು ಯಾರಂತ ಎಲ್ಲಾರಿಗೂ ಗೊತ್ತಾತು!"

ಬಸವಲಿಂಗ ಒಂದೊಂದನ್ನೂ ತನ್ನ ಕೈಯಾರೆ ಹಂಚಿದ. ಡಬ್ಬಿಗಳು ಸುರಪುರದಿಂದ ಹೊರಟು ಸಗರ ದಾಟಿ ಶಹಾಪುರದ ಅಡುಗೆಮನೆಗಳನ್ನೆಲ್ಲ ಸೇರಿದವು. ಜೊತೆಗೆ ಕಥೆಯೂ ಸೇರಿತು.

ಮೊನ್ನೆ ಬೆಳಿಗ್ಗೆ ಗಲ್ಲಿಯಲ್ಲಿ ಯಾರೋ ನಿಂತು ಕೂಗಿದರು. "ರುದ್ರಕೇತಣ್ಣಾ, ಅದೀರೇನ್ರಿ?"

ಒಂದೇ ಒಂದು ಬಾಗಿಲು ತೆರೆಯಿತು.