ಬೈಯದೆ ಉಂಡ ಕಾಕಾ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಈ ನಾಲ್ಕೂ ಊರುಗಳಲ್ಲಿ ನಮ್ಮ ಕಾಕಾನಿಗೆ ಅಂಜದ ಖಾನಾವಳಿ ಒಂದೂ ಇಲ್ಲ! ಸುಳ್ಳು ಅನಿಸಿದರೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾಲೀಕರ ಮುಖ ನೋಡಿ. ಒಬ್ಬರು ಗಲ್ಲಾದ ಹಿಂದೆ ಬಗ್ಗಿ ಇಲ್ಲದ ವಸ್ತು ಹುಡುಕುತ್ತಾರೆ. ಇನ್ನೊಬ್ಬರು ಒಳಗೆ ಹೋಗಿ ರೊಟ್ಟಿ ಬಡಿಯುವ ಹೆಂಗಸರಿಗೆ ಏನೋ ಪಿಸುಗುಟ್ಟಿ ಬರುತ್ತಾರೆ. ಊಟಕ್ಕೆ ಬಂದ ಒಬ್ಬ ಮುದುಕನಿಗೆ ಇಷ್ಟು ಹೆದರಿಕೆಯೇ? ಹೌದು, ಏಕೆಂದರೆ ಕಾಕಾ ಊಟ ಮಾಡುವುದಿಲ್ಲ, ತಪಾಸಣೆ ಮಾಡುತ್ತಾರೆ.

ಇದು ಅವರ ನೌಕರಿ ಅಂಟಿಸಿದ ಚಟ. ನಮ್ಮ ರಾವೂರಿನ ಹತ್ತಿರದ ಫರಸಿ ಕಲ್ಲಿನ ಗಣಿಯಲ್ಲಿ ಅವರು ಆಳುಗಳ ಮೇಲ್ವಿಚಾರಣೆಯ ಮುಕಾದಮರಾಗಿದ್ದರು. ಹಾಸುಗಲ್ಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಗಣಿ ಬಿಟ್ಟ ಮೇಲೂ ಬೆರಳು ಸುಮ್ಮನಿರಬೇಕಲ್ಲ! ಖಡಕ್ ರೊಟ್ಟಿ ಮುಂದೆ ಬಂದರೆ ಸಾಕು, ಎತ್ತಿ ಹಿಡಿದು ತಟ್ಟಿ ಕೇಳುವುದೇ. ಒಮ್ಮೆ ಶಹಾಬಾದದ ಖಾನಾವಳಿಯವನು ತಡೆಯಲಾರದೆ ಅಂದ: "ಯಜಮಾನ್ರ, ಅದು ರೊಟ್ಟಿ ಅದರಿ, ಫರಸಿ ಅಲ್ಲ."

"ನಾನೂ ಅದ ಕೇಳ್ಲಿಕತ್ತೀನಿ. ರೊಟ್ಟಿ ಮಾಡ್ರಿ ಅಂದ್ರ ಫರಸಿ ಯಾಕ ಮಾಡೀರಿ?"

ಹೊರಗಿನವರ ಪಾಡೇ ಹೀಗಿದ್ದ ಮೇಲೆ ಮನೆಯಲ್ಲಿ ಕಾಕಿಯ ಗತಿ ಕೇಳಬೇಕೆ? ಮೂವತ್ತೈದು ವರ್ಷ, ದಿನಕ್ಕೆ ಎರಡು ಹೊತ್ತು, ತಾಟಿನ ಮುಂದೆ ಕುಳಿತು ಕಾಕಾ ಬೈದಿದ್ದಾರೆ. "ಪುಂಡಿಪಲ್ಯದಾಗ ಹುಳಿ ಮುಂದ ಬಂತು, ಉಪ್ಪು ಹಿಂದ ಉಳೀತು," ಅಂದರೆ, "ಹಂಗಾರ ಉಪ್ಪಿಗಿ ಒಂದು ಗಾಡಿ ಕಟ್ಟಿ ಕಳಸ್ರಿ," ಎಂದು ಕಾಕಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಪಕ್ಕದ ಮನೆಯ ನಾವು ಸಣ್ಣವರಿದ್ದಾಗ ಅದನ್ನು ಜಗಳ ಎಂದುಕೊಂಡಿದ್ದೆವು. ದೊಡ್ಡವರಾದ ಮೇಲೆ ತಿಳಿಯಿತು, ಅವರಿಬ್ಬರ ನಡುವೆ ಇದ್ದ ಮಾತುಕತೆಯೆಲ್ಲ ಅದೇ. ಬೈದ ಮೇಲೆ ಕಾಕಾ ಇನ್ನೊಂದು ರೊಟ್ಟಿ ಕೇಳುತ್ತಿದ್ದರು, ಕಾಕಿ ಹಾಕುತ್ತಿದ್ದಳು.

ಹೋದ ವರ್ಷ ಕಾಕಾನಿಗೆ ಎಂಟು ದಿನ ಜ್ವರ ಬಂತು. ಹೋಗುವಾಗ ಅದು ಬಾಯಿಯ ರುಚಿಯನ್ನೂ ಕರೆದುಕೊಂಡು ಹೋಯಿತು. ಮೊದಲು ನನಗೊಬ್ಬಳಿಗೇ ಹೇಳಿದರು, ಹಿತ್ತಲಿಗೆ ಕರೆದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು.

"ಮಗಳ, ನನ್ನ ಬಾಯಿಗಿ ಏನೂ ಹತ್ತವಲ್ದು. ಉಪ್ಪೂ ಅಷ್ಟ, ಸಕ್ರಿನೂ ಅಷ್ಟ."

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಿಂಗಳಿಗೆ ಬರಬಹುದು, ವರ್ಷಕ್ಕೆ ಬರಬಹುದು, ಬರದೆಯೂ ಇರಬಹುದು ಎಂದರು. "ಇಷ್ಟು ನಾನೂ ಹೇಳ್ತಿದ್ದೆ," ಎಂದರು ಕಾಕಾ ಹೊರಗೆ ಬಂದು. ಆಮೇಲೆ ದಾರಿಯಲ್ಲಿ ನನ್ನ ಸ್ಕೂಟಿ ನಿಲ್ಲಿಸಲು ಹೇಳಿ ಆಣೆ ಮಾಡಿಸಿಕೊಂಡರು. "ನಿಮ್ಮ ಕಾಕಿಗಿ ಗೊತ್ತಾಗಬಾರ್ದು. ಇಷ್ಟು ವರ್ಷ ಈ ನಾಲಿಗಿಗಿ ಅಂಜಿ ಅಡಗಿ ಮಾಡ್ಯಾಳ. ಅದು ಸತ್ತದ ಅಂತ ತಿಳೀತಂದ್ರ ಯಾರ ಸಲುವಾಗಿ ಮಾಡ್ಬೇಕು ಆಕಿ?"

ನಾಲಿಗೆ ಸತ್ತಿಲ್ಲ, ಮಲಗಿದೆ, ಎಬ್ಬಿಸಬೇಕು ಎಂದು ಮರುದಿನವೇ ಅವರು ಮನಸ್ಸು ಬದಲಿಸಿದರು. ನಾನು ಕಲಿಸುವ ಶಾಲೆಗೆ ರಜೆ ಇರುವ ಪ್ರತಿ ರವಿವಾರ ಒಂದೊಂದು ಊರು. ವಾಡಿಯ ಸ್ಟೇಷನ್ ಎದುರು ಮಂಡಕ್ಕಿಯ ಸುಸಲಾ, ಮೇಲೆ ಬಿಸಿ ಮಿರ್ಚಿ ಭಜಿ. ನಾಲಿಗೆ ಏಳಲಿಲ್ಲ. ಚಿತ್ತಾಪುರದಲ್ಲಿ ಎಣ್ಣೆಗಾಯಿ ಬದನೆಕಾಯಿ. ಅಲ್ಲಿ ಇನ್ನೊಂದು ಪೇಚು. ಕಾಕಾನ ತೀರ್ಪಿಗಾಗಿ ಮಾಲೀಕ ಕೈಕಟ್ಟಿ ನಿಂತಿದ್ದಾನೆ! ಕಾಕಾ ಬಗ್ಗಿ ನನ್ನ ಕಿವಿಯಲ್ಲಿ, "ಹ್ಯಾಂಗದ?" ಅಂದರು. "ಶೇಂಗಾ ಹಸಿ ಉಳಿದಾವರಿ," ಅಂದೆ. ಕೂಡಲೇ ನೆಟ್ಟಗೆ ಕುಳಿತು ಗುಡುಗಿದರು: "ಶೇಂಗಾ ಹುರಿದಿಲ್ಲ!" ಮಾಲೀಕ ಕೈಮುಗಿದ. ಅಂದಿನಿಂದ ನಾನು ಕಾಕಾನ ನಾಲಿಗೆಯಾದೆ, ಎರಡು ತಿಂಗಳಲ್ಲಿ ನನ್ನ ಕುಪ್ಪಸಗಳೆಲ್ಲ ಬಿಗಿಯಾದವು!

ಸೇಡಂ ದಾಟಿ ಕೋಡ್ಲಾ ಕಡೆಯ ರಸ್ತೆಯಲ್ಲಿ ಸಿಮೆಂಟ್ ಲಾರಿ ಚಾಲಕರು ಉಣ್ಣುವ ಒಂದು ಧಾಬಾ. ಅಲ್ಲಿಯ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ಕಾಕಾ ಚಮಚೆಯಲ್ಲಿ ತಿನ್ನತೊಡಗಿದರು. ಎದುರಿಗೆ ಕುಳಿತಿದ್ದ ಚಾಲಕ ತನ್ನ ಊಟ ಬಿಟ್ಟು ನೋಡುತ್ತ ಕುಳಿತ. ಕಾಕಾನ ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು, ಬೋಳು ನೆತ್ತಿಯ ಮೇಲೂ ನೀರು.

"ಏನರೆ ಗೊತ್ತಾಯ್ತೇನ್ರಿ ಕಾಕಾ?"

"ನಾಲಿಗಿ ಬಿಟ್ಟು ಉಳಿದೆಲ್ಲದಕ್ಕೂ ಗೊತ್ತಾಯ್ತು," ಎಂದರು. ನಾನು ನಕ್ಕೆ. ಅವರು ಮೂಗು ಒರೆಸಿಕೊಂಡು ಚಟ್ನಿಯ ಬಟ್ಟಲನ್ನು ದೂರ ಸರಿಸಿದರು. ನಗಬಾರದಿತ್ತು ಎನ್ನಿಸಿತು.

ಇತ್ತ ಮನೆಯಲ್ಲಿ ಗುಟ್ಟು ಕಾಪಾಡಲು ಕಾಕಾ ಒಂದು ಉಪಾಯ ಹೂಡಿದ್ದರು. ಏನು ಬಡಿಸಿದರೂ ಹೊಗಳುವುದು! ಮೊದಲ ದಿನ "ಭಾಳ ಛಲೋ ಆಗ್ಯಾದ" ಎಂದು ಕೇಳಿ ಕಾಕಿ ಸೌಟು ಹಿಡಿದುಕೊಂಡೇ ನಮ್ಮ ಮನೆಗೆ ಓಡಿಬಂದಿದ್ದಳು. "ಯಕ್ಕಾ, ಬರ್ರಿ ಜರಾ, ಇವರಿಗಿ ಏನೋ ಆಗ್ಯಾದ!" ಅಮ್ಮ ನಕ್ಕು ಕಳಿಸಿದಳು. ಆದರೆ ತಿಂಗಳುಗಟ್ಟಲೆ ಹೊಗಳಿಕೆ ಕೇಳಿ ಕೇಳಿ ಕಾಕಿ ಸೊರಗಿಹೋದಳು. ಒಂದು ಸಂಜೆ ತೊಗರಿಬೇಳೆ ಹಸನು ಮಾಡುತ್ತ ನನ್ನನ್ನು ಹಿಡಿದು ಕೂರಿಸಿಕೊಂಡಳು.

"ಖರೇ ಹೇಳು. ಐತವಾರ ಐತವಾರ ಎಲ್ಲಿ ಉಣ್ಲಿಕ್ಕೆ ಹೋಗ್ತಾರ? ಯಾರ ಕೈ ಅಡಗಿ ಹಿಡಿಸ್ಯದ ಅವರಿಗಿ?"

"ಹಂಗೇನಿಲ್ಲ ಕಾಕಿ."

"ಮೊದ್ಲ ಬೈತಿದ್ರು. ಈಗ ಬೈಯಾಕೂ ಬ್ಯಾಡಾಗ್ಯದ ನನ್ನ ಅಡಗಿ."

ಮೊರದಲ್ಲಿ ಕಲ್ಲು ಸಿಗದಿದ್ದರೂ ಅವಳು ಬೇಳೆಯಲ್ಲಿ ಕೈಯಾಡಿಸುತ್ತಲೇ ಇದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಣೆ ಅಡ್ಡ ಬಂತು, ಎದ್ದು ಬಂದೆ.

ಮುಂದಿನ ರವಿವಾರ ಚಿಂಚೋಳಿ ಎಂದು ನಿಶ್ಚಯವಾಗಿತ್ತು. ಹೊರಡುವಾಗ ನೋಡಿದರೆ ಕಾಕಿ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. "ನಾನೂ ಬರ್ತೀನಿ. ಅದೇನು ಅಮೃತ ಬಡಸ್ತಾರ, ನೋಡಿ ಬರಾಮಿ." ಕಾಕಾ ನನ್ನ ಮುಖ ನೋಡಿದರು, ನಾನು ಸ್ಕೂಟಿಯ ಮುಖ ನೋಡಿದೆ. ಮೂವರಿಗೆ ಬಸ್ಸೇ ಗತಿಯಾಯಿತು.

ಬಸ್ ನಿಲ್ದಾಣದ ಹಿಂದಿನ ಸಣ್ಣ ಖಾನಾವಳಿ. ಬಿಸಿ ರೊಟ್ಟಿ, ಪುಂಡಿಪಲ್ಯ, ಜುಣಕ, ಗಟ್ಟಿ ಬೇಳೆ, ಹಸಿ ಉಳ್ಳಾಗಡ್ಡಿ ಬಂದವು. ಕಾಕಿ ನಮ್ಮಿಬ್ಬರ ನಡುವೆ ಕುಳಿತಿದ್ದಳು, ನನ್ನ ಕಿವಿಗೆ ಕಾಕಾನ ಬಾಯಿ ಎಟುಕುವಂತಿರಲಿಲ್ಲ. ಅವರು ಧೈರ್ಯ ಮಾಡಿ ಪುಂಡಿಪಲ್ಯದ ತುತ್ತು ಬಾಯಿಗಿಟ್ಟು ತಲೆದೂಗಿದರು. "ಆಹಾ! ಉಪ್ಪು, ಹುಳಿ, ಖಾರ ಎಲ್ಲಾ ಬರೋಬರಿ!"

ನಾನೂ ಒಂದು ತುತ್ತು ತಿಂದೆ. ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ.

ಕಾಕಿ ತಿಂದಳು. ಅವಳ ಕೈ ತಾಟಿನಲ್ಲೇ ನಿಂತಿತು. ಖಾತ್ರಿಗೆ ಇನ್ನೊಂದು ತುತ್ತು ತಿಂದಳು. ಕಾಕಾನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ಯಾವಾಗಿಂದ್ರಿ?"

"ಏನು ಯಾವಾಗಿಂದ?"

"ಬಾಯಿಗಿ ರುಚಿ ಹತ್ತಲಾರ್ದು."

ಕಾಕಾ ರೊಟ್ಟಿ ಮುರಿಯುತ್ತ ಮುರಿಯುತ್ತ ಪುಡಿ ಮಾಡಿದರು. "ಜ್ವರ ಬಂದಾಗಿಂದ."

"ಹಂಗಾರ ನನ್ನ ಅಡಗಿ ಬ್ಯಾಡಾಗಿದ್ದಲ್ಲ?"

"ಹುಚ್ಚಿ! ನಿನ್ನ ಅಡಗಿ ಬ್ಯಾಡಾಗ್ತದನು? ಅದು ಮತ್ತ ಬಾಯಿಗಿ ಹತ್ಲಿ ಅಂತನ ಊರೂರು ತಿರಗ್ಲಿಕತ್ತೀನಿ."

ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮತ್ತೊಂದು ತುತ್ತು ತಿಂದು, ನಿಧಾನ ಅಗಿದು, ಕಾಕಾನ ಕಡೆ ಬಗ್ಗಿದಳು.

"ಕೇಳ್ರಿ. ಹುಳಿ ಛಲೋ ಅದ. ಬೆಳ್ಳುಳ್ಳಿ ಜರಾ ಹೊತ್ತ್ಯಾದ. ಉಪ್ಪ ಹಾಕೇ ಇಲ್ಲ. ಈಗ ಬೈರಿ."

"ಬೈಲೇನು?"

"ಬೈರಿ. ಕೇಳಿ ಭಾಳ ದಿನ ಆಯ್ತು."

ಕಾಕಾ ಗಂಟಲು ಸರಿಮಾಡಿಕೊಂಡರು. "ಏ ಮಾಲಕ್ರ! ಉಪ್ಪು ಯಾರಪ್ಪ ಹಾಕ್ಬೇಕು ಇದಕ್ಕ? ಬೆಳ್ಳುಳ್ಳಿ ಸುಟ್ಟೀರಿ, ಉಪ್ಪ..." ಅಲ್ಲಿಗೆ ದನಿ ಒಡೆಯಿತು. ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಾಲೀಕ ಉಪ್ಪಿನ ಬಟ್ಟಲು ಹಿಡಿದು ಓಡಿಬಂದ. ಕಾಕಿ ಅದರಿಂದ ಒಂದು ಚಿಟಿಕೆ ತೆಗೆದು ಮೊದಲು ಕಾಕಾನ ಪಲ್ಯಕ್ಕೇ ಹಾಕಿದಳು.