ತಿಥಿ ಊಟ ಹಾಕದವನ ಬಹಿಷ್ಕಾರ

ಊರಿಗೆ ನೀರು ಬಿಡುವವನ ಬದುಕಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಈ ವರ್ಷ ಕೊಂಚ ಜಾಸ್ತಿ ಆದವು.

ನಾನು ನಂಜನಗೂಡು ಕಡೆಯ ಒಂದು ಹಳ್ಳಿಯ ನೀರುಗಂಟಿ. ಓದಿದ್ದು ಮೂರನೇ ಕ್ಲಾಸು. ಹೆಂಡತಿ ಮೂಗೂರಿನವಳು. ಈ ಮಳೆಗಾಲದಲ್ಲಿ ತೀರಿಹೋದಳು. ಅವಳಪ್ಪ ಸತ್ತಾಗ ತಿಥಿ ಊಟ ಹಾಕೋಕೆ ಅಂತ ಮನೆಯವರು ಹಾಲು ಕರೆಯುವ ಹಸುವನ್ನೇ ಮಾರಿದ್ದರು. "ನನ್ನ ತಿಥಿಗೆ ಊರಿಗೆ ಎಲೆ ಆಕ್ಬೇಡ" ಅಂತ ಸಾಯುವ ಮುಂಚೆ ಕೈ ಹಿಡಿದು ಮಾತು ತಗೊಂಡಿದ್ದಳು. ನಾನು ಹಾಕಲಿಲ್ಲ. ಊಟ ಹಾಕುವವರೆಗೂ ಇವನ ಜೊತೆ ಯಾರೂ ಮಾತಾಡಕೂಡದು ಅಂದರು ಊರಿನ ಯಜಮಾನರು.

ಮನೆಯಲ್ಲೂ ಮಾತಿಲ್ಲ. ಬೀದಿಯಲ್ಲೂ ಇಲ್ಲ. ಎಷ್ಟು ದಿನ ತಡೆದೇನು ಅಂತ ಭಯ ಹಿಡಿಯಿತು.

೧

ಆದರೆ ನೀರು ಬೇಕಲ್ಲ. ಎದುರುಮನೆಯ ಅಕ್ಕ ಬಂದು, ನನ್ನ ಪಕ್ಕದಲ್ಲೇ ನಿಂತು, ನಲ್ಲಿಗೆ ಹೇಳಿದಳು: "ನೋಡವ್ವಾ ನಲ್ಲಿ, ನಾಳೆ ನೆಂಟ್ರು ಬತ್ತಾವ್ರೆ. ಐದಕ್ಕೇ ಬಂದ್ಬುಡು."

ನಾನೂ ನಲ್ಲಿಗೇ ಹೇಳಿದೆ: "ಐದಕ್ಕೆ ಕರೆಂಟ್ ಇರಾಕಿಲ್ಲ. ಆರಕ್ಕೆ ಬಾರವ್ವಾ."

"ಈ ನಲ್ಲಿಗೆ ಮೊದ್ಲಿಂದ್ಲೂ ಕೊಬ್ಬು" ಅಂತ ಕೊಡ ಎತ್ತಿಕೊಂಡು ಹೋದಳು.

೨

ಊರಲ್ಲಿ ನನಗೆ ಕ್ಷೌರವನ್ನೂ ಮಾಡಕೂಡದು ಅಂದರು. ಬಸ್ಸು ಹತ್ತಿ ನಂಜನಗೂಡಿಗೆ ಹೋದೆ. ಅಂಗಡಿಯಲ್ಲಿ ಬಿಳಿ ಬಟ್ಟೆ ಹೊದ್ದು ನಮ್ಮ ಯಜಮಾನರೇ ಕೂತಿದ್ದರು. ಮೀಸೆಗೆ ಕಪ್ಪು ಬಣ್ಣ ಮೆತ್ತಿಸಿಕೊಳ್ಳುತ್ತಿದ್ದರು. ಯಾರಿಗೂ ಹೇಳಬೇಡ ಅನ್ನಬೇಕು, ಮಾತಾಡುವ ಹಾಗಿಲ್ಲ. ಬಟ್ಟೆಯೊಳಗಿಂದ ಎರಡೂ ಕೈ ತೆಗೆದು ಮುಗಿದರು.

ಪಾಪ, ಸುಮ್ಮನೆ ಹೆದರಿದರು. ಹೇಳೋಣ ಅಂದರೂ ನನ್ನ ಜೊತೆ ಮಾತಾಡುವವರು ಯಾರಿದ್ದರು?

೩

ಒಬ್ಬರಿದ್ದರು. ಶಾಲೆಯ ಮೇಡಂ. ತಿ. ನರಸೀಪುರದಿಂದ ಬರುವವರು, ಊರ ಕಟ್ಟಳೆ ಅವರಿಗೆ ತಗಲುವುದಿಲ್ಲ. ಶಾಲೆ ಗೋಡೆ ಮೇಲೆ ಸಂವಿಧಾನದ ಪೀಠಿಕೆ ಬರೆಸಿದ್ದಾರೆ. ಇದು ಯಾಕೆ ಬೇಕಾಯ್ತು ಅಂತ ಕೇಳಿದೆ.

"ಬರೆದೋರಲ್ಲಿ ವಿಚಾರಣೆ ಇಲ್ದೆ ಜೈಲಲ್ಲಿ ಕೂತೋರಿದ್ರು. ಕೆರೆ ನೀರು ಮುಟ್ಟಬೇಡ ಅನ್ನಿಸಿಕೊಂಡೋರಿದ್ರು. ಊರೆಲ್ಲ ಒಂದು ಕಡೆ ನಿಂತಾಗ ಆ ಕಡೆ ಇರೋ ಒಬ್ಬನಿಗೂ ಏನಾದ್ರೂ ಆಸರೆ ಇರ್ಲಿ ಅಂತ ಬರೆದ್ರು. ಊಟ ಹಾಕೋದು ಬಿಡೋದು ನಿಮ್ಮ ನಂಬಿಕೆ. ಕಂಪ್ಲೇಂಟ್ ಕೊಡಿ."

"ಕೊಟ್ರೆ ಊರೋರು ಮಾತಾಡಾಕಿಲ್ಲ ಮೇಡಂ."

ಮೇಡಂ ನನ್ನನ್ನೇ ನೋಡಿದರು. "ಈಗೇನು ಹರಿಕಥೆ ಹೇಳ್ತಿದಾರಾ?"

೪

ಕೊಟ್ಟೆ. ಇನ್ಸ್‌ಪೆಕ್ಟರು ಬಂದು ಎಲ್ಲರನ್ನೂ ಅರಳಿಕಟ್ಟೆ ಹತ್ತಿರ ಸೇರಿಸಿದರು. ಇವರ ಮೇಲೆ ಕೇಸಾದರೆ ನಾಳೆ ನನ್ನ ಹೆಣ ಹೊರುವವರು ಯಾರು? ಸುಮ್ಮನಾದರೆ ಅವಳಿಗೆ ಕೊಟ್ಟ ಮಾತು?

"ಇವನ ಜೊತೆ ಮಾತಾಡಬೇಡಿ ಅಂದೋರು ಯಾರು?"

"ಅಯ್ಯೋ, ಯಾರೂ ಇಲ್ಲ ಸಾ. ದಿನಾ ಮಾತಾಡ್ತೀವಿ" ಅಂದರು ಯಜಮಾನರು.

"ಸರಿ. ಈಗ ಮಾತಾಡಿ, ನೋಡೋಣ."

ಯಜಮಾನರು ನನ್ನ ಕಡೆ ತಿರುಗಿದರು. ಬಾಯಿ ತೆರೆದರು. ಮುಚ್ಚಿದರು. ಊರೆಲ್ಲ ನೋಡುತ್ತಿದೆ, ಏನೂ ತೋಚುತ್ತಿಲ್ಲ. ಬೆವರು ಒರೆಸಿಕೊಂಡು ಕೊನೆಗೆ ಕೇಳಿದರು:

"ಊಂ... ಮತ್ತೆ, ತಿಥಿ ಊಟ ಯಾವಾಗ್ಲಾ ಆಕೀಯೆ?"

"ಆಕಾಕಿಲ್ಲ ಕಣಣ್ಣ" ಅಂದೆ.

ಇನ್ಸ್‌ಪೆಕ್ಟರು ಎರಡು ಮಾತನ್ನೂ ಸಾಕ್ಷಿಗೆ ಅಂತ ಬರೆದುಕೊಂಡು, ಕೆಳಗೆ ಯಜಮಾನರ ಕೈಲೇ ರುಜು ಹಾಕಿಸಿದರು.